ಅರಳು ಮರಳೋ, ಹುಟ್ಟುಗುಣವೋ? ಮೊದಲು ತಾರೀಕು ಕೇಳಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ರೇಷ್ಮೆ ಸಾಕುತ್ತೇವೆ, ಎರಡು ಹಸು ಇವೆ. ಮಾವನವರಿಗೆ 71 ವರ್ಷ. ಅತ್ತೆ ತೀರಿಕೊಂಡು ಒಂದೂಕಾಲು ವರ್ಷ ಆಯ್ತು. ಅವರಿಗೆ ಕಿಡ್ನಿ ತೊಂದರೆ, ಡಯಾಲಿಸಿಸ್ ನಡೀತಿತ್ತು. ಆಗ ‘ಇಷ್ಟು ದುಡ್ಡು ಎಲ್ಲಿಂದ ತರೋದು’ ಅಂತ ಗೊಣಗಿದವರು ಮಾವನವರೇ. ಅತ್ತೆ ಹೋದಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮೂರನೇ ದಿನಕ್ಕೇ ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಾ ನಿಂತಿದ್ದರು. ಈಗ ಎರಡು ತಿಂಗಳಿಂದ, ಅಂದರೆ ದೀಪಾವಳಿಯಿಂದ ಈಚೆಗೆ, ನಾನು ಡೇರಿ ದುಡ್ಡು ಕದಿಯುತ್ತೇನೆ ಅನ್ನುತ್ತಾರೆ. ಬೀರು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡೇ ಮಲಗುತ್ತಾರೆ. ‘ಅವಳ ಆಸ್ಪತ್ರೆ ದುಡ್ಡನ್ನೂ ನೀನೇ ತಿಂದೆ’ ಅಂತ ಬೀದಿಯಲ್ಲಿ ನಿಂತು ಕೂಗಿದರು. ಟಿವಿ ಪಕ್ಕದ ಮನೆಗೂ ಕೇಳುವಷ್ಟು ಜೋರು. ದಸರಾ ಮುಂಚೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ತಲೆಗೆ ಸ್ವಲ್ಪ ತಗುಲಿತ್ತು, ಏನೂ ಆಗಲಿಲ್ಲ. ನನ್ನ ಯಜಮಾನರು ‘ನಮ್ಮಪ್ಪ ಮೊದಲಿಂದಲೂ ಹಾಗೇ, ಹುಟ್ಟುಗುಣ ಸುಟ್ಟರೂ ಹೋಗಲ್ಲ’ ಅಂತಾರೆ. ಊರವರು ‘ಅರವತ್ತಕ್ಕೆ ಅರಳು ಮರಳು’ ಅಂತಾರೆ. ಬೆಂಗಳೂರಲ್ಲಿ ಸೈಕಾಲಜಿ ಓದುವ ಮಗಳು ‘ತಾತನಿಗೆ ಪರ್ಸನಾಲಿಟಿ ಡಿಸಾರ್ಡರ್ ಇದೆ, ಇದೆಲ್ಲ ಡಿಫೆನ್ಸ್ ಮೆಕ್ಯಾನಿಸಂ’ ಅಂತಾಳೆ. ಯಾರ ಮಾತು ಸರಿ? ಯಜಮಾನರೂ ವಯಸ್ಸಾದ ಮೇಲೆ ಹೀಗೇ ಆಗುತ್ತಾರಾ? ನನಗೇನೂ ಬೇಜಾರಿಲ್ಲ. ಆದರೆ ಮೊನ್ನೆ ಚಿಕ್ಕ ಮಗನಿಗೆ ಸುಮ್ಸುಮ್ನೆ ಹೊಡೆದುಬಿಟ್ಟೆ.

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ನೀವು ತೀರಾ ಹಗುರವಾಗಿ ಬರೆದ ಎರಡು ಸಾಲುಗಳಿವೆ. ಟಿವಿ ಜೋರು ಅನ್ನುವುದು ಒಂದು. ಬಚ್ಚಲಲ್ಲಿ ಬಿದ್ದರು, ಏನೂ ಆಗಲಿಲ್ಲ ಅನ್ನುವುದು ಇನ್ನೊಂದು. ಓದುತ್ತಾ ನಾನು ನಿಂತಿದ್ದು ಅಲ್ಲೇ. ಬಿದ್ದಿದ್ದು ದಸರಾ ಮುಂಚೆ. ಕಳ್ಳತನದ ಮಾತು ಬಂದಿದ್ದು ದೀಪಾವಳಿ ಹೊತ್ತಿಗೆ. ನಡುವೆ ಇರುವುದು ಕೆಲವೇ ವಾರ. ಎರಡಕ್ಕೂ ಸಂಬಂಧ ಇಲ್ಲದೆಯೂ ಇರಬಹುದು. ಆದರೆ ಅದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಸ್ವಭಾವದ ಮಾತು ಆಮೇಲೆ.

ವಯಸ್ಸಾದವರ ಮೆದುಳು ಸ್ವಲ್ಪ ಕುಗ್ಗಿರುತ್ತದೆ. ಅದರ ಮೇಲಿನ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದ ದಾರದ ಹಾಗಿರುತ್ತವೆ. ಸಣ್ಣ ಪೆಟ್ಟಿಗೂ ಒಂದು ನಾಳ ಹರಿದು, ಬುರುಡೆಗೂ ಮೆದುಳಿಗೂ ನಡುವೆ ರಕ್ತ ನಿಧಾನವಾಗಿ ಸೇರಿಕೊಳ್ಳಬಹುದು. ಬಿದ್ದ ದಿನ ಏನೂ ಕಾಣುವುದಿಲ್ಲ. ವಾರಗಳು ಕಳೆದ ಮೇಲೆ ತಲೆನೋವು, ಮಂಕು, ತೂರಾಡುವ ನಡಿಗೆ ಕಾಣಿಸಬಹುದು. ಕೆಲವರಲ್ಲಿ ಮನುಷ್ಯನೇ ಬದಲಾದ ಹಾಗೆ ಕಾಣುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಅಪಾಯ ಇನ್ನೂ ಜಾಸ್ತಿ. ಒಂದು ಸಿಟಿ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಇದ್ದರೆ ಸಾಮಾನ್ಯವಾಗಿ ದೊಡ್ಡದಲ್ಲದ ಒಂದು ಆಪರೇಷನ್‌ನಲ್ಲಿ ರಕ್ತ ತೆಗೆಯುತ್ತಾರೆ, ಬಹಳ ಜನ ಸುಧಾರಿಸಿಕೊಳ್ಳುತ್ತಾರೆ. ಈ ವಾರವೇ ಮಾಡಿಸಿ. ಜಾಸ್ತಿ ನಿದ್ದೆ, ವಾಂತಿ, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ವಾರವೂ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ಇನ್ನು ಕಿವಿ. ಬಾಗೇಪಲ್ಲಿ ಕಡೆಯ ಒಬ್ಬ ಹಿರಿಯರನ್ನು ಇಬ್ಬರು ಗಂಡುಮಕ್ಕಳು ನನ್ನ ಹತ್ತಿರ ಕರೆತಂದಿದ್ದರು. (ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತಿದ್ದೇನೆ.) ಮಕ್ಕಳು ಬಾಗಿಲ ಹತ್ತಿರ ನಿಂತು ಮಾತಾಡಿದರೆ ಸಾಕು, ‘ಜಮೀನು ಮಾರೋಕೆ ಪ್ಲಾನು ಹಾಕ್ತಿದಾರೆ’ ಅನ್ನುತ್ತಿದ್ದರು. ನಾನು ಪ್ರಶ್ನೆ ಕೇಳಿದರೆ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕಿವಿ ಡಾಕ್ಟರ ಹತ್ತಿರ ಕಳಿಸಿದೆ. ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಾಗಿತ್ತು. ತೆಗೆಸಿಕೊಂಡು ವಾಪಸ್ ಬಂದು ಕುರ್ಚಿಯಲ್ಲಿ ಕೂತವರು ಮೇಲೆ ನೋಡಿ, ‘ಈ ಫ್ಯಾನು ಯಾವಾಗಿಂದ ಇಷ್ಟು ಸದ್ದು ಮಾಡ್ತಿದೆ?’ ಅಂದರು. ಹಿಂದಿನ ಸಲವೂ ಅದೇ ಫ್ಯಾನಿನ ಕೆಳಗೆ ಕೂತಿದ್ದರು. ಮುಂದಿನ ತಿಂಗಳ ಹೊತ್ತಿಗೆ ಅವರ ಅನುಮಾನ ಅರ್ಧಕ್ಕರ್ಧ ಇಳಿದಿತ್ತು. ಉಳಿದ ಅರ್ಧ ಅವರ ಹಳೇ ಸ್ವಭಾವ. ಅದು ಮಕ್ಕಳಿಗೆ ಅಭ್ಯಾಸವಾದದ್ದೇ. ಅರ್ಧ ಕೇಳಿಸುವವರು ಉಳಿದ ಅರ್ಧವನ್ನು ತಾವೇ ತುಂಬಿಕೊಳ್ಳುತ್ತಾರೆ. ಭಯ ಇರುವ ಮನಸ್ಸು ಒಳ್ಳೆಯದನ್ನು ತುಂಬುವುದಿಲ್ಲ.

ಅದಕ್ಕೇ ನಾನು ನನ್ನ ಹತ್ತಿರ ಬರುವ ಎಲ್ಲ ಮನೆಯವರಿಗೂ ಹೇಳುವುದು: ಕಾಯಿಲೆಯ ಹೆಸರು ಹುಡುಕುವ ಮುಂಚೆ ತಾರೀಕು ಹುಡುಕಿ. ಇದು ಯಾವಾಗ ಶುರುವಾಯ್ತು? ಮದುವೆಯಾಗಿ ನೀವು ಆ ಮನೆಗೆ ಬಂದಾಗಲೇ ಇತ್ತಾ? ಅತ್ತೆ ಹೋದ ಮೇಲಾ? ಬಿದ್ದ ಮೇಲಾ? ಹೊಸ ಮಾತ್ರೆ ಶುರು ಮಾಡಿದ ಮೇಲಾ? ನಿಮ್ಮ ಮನೆಯಲ್ಲಿ ಮೂರು ಅಭಿಪ್ರಾಯ ಇವೆ. ಮೂರನ್ನೂ ಬೇರೆ ಮಾಡಿ ತೋರಿಸುವುದು ಕ್ಯಾಲೆಂಡರೇ.

ಮಗಳು ಹೇಳಿದ್ದರಲ್ಲಿ ಒಂದು ಭಾಗ ನಿಜ. ತಡೆದುಕೊಳ್ಳಲಾಗದ ನೋವು, ನಾಚಿಕೆ, ತಪ್ಪಿತಸ್ಥ ಭಾವನೆ ಬಂದಾಗ ಮನಸ್ಸು ತನಗೇ ಗೊತ್ತಾಗದ ಹಾಗೆ ಒಂದು ಅಡ್ಡಗೋಡೆ ಎತ್ತುತ್ತದೆ. ಇದನ್ನೇ ರಕ್ಷಣಾ ತಂತ್ರ ಅನ್ನುತ್ತಾರೆ. ಮನೋವಿಶ್ಲೇಷಣೆ ಶುರು ಮಾಡಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1894ರಲ್ಲಿ ಇದರ ಬಗ್ಗೆ ಬರೆದರು. ಅವರ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಒಂದೊಂದನ್ನೂ ಬಿಡಿಸಿ ವಿವರಿಸಿದರು. ಆದರೆ ನಮ್ಮ ಅಜ್ಜಿಯರಿಗೆ ಇದು ಯಾವತ್ತೋ ಗೊತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ತಾ ಕಳ್ಳ ಪರರ ನಂಬ. ಈ ಒಂದೊಂದು ಗಾದೆಗೂ ಪುಸ್ತಕದಲ್ಲಿ ಒಂದೊಂದು ಹೆಸರಿದೆ. ಕೊನೆಯದನ್ನು ಆರೋಪಣೆ ಅನ್ನುತ್ತಾರೆ. ನನ್ನೊಳಗೆ ಇಟ್ಟುಕೊಳ್ಳಲಾಗದ್ದನ್ನು ನಿನ್ನಲ್ಲಿ ಇದೆ ಅಂತ ಕಾಣುವುದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ಸುಳ್ಳು ಹೇಳುವುದಲ್ಲ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ರಕ್ಷಣಾ ತಂತ್ರದಲ್ಲಿ ಅವರಿಗೇ ಗೊತ್ತಿರುವುದಿಲ್ಲ. ನಿಮ್ಮ ಮಾವನವರು ‘ಆಸ್ಪತ್ರೆ ದುಡ್ಡು ತಿಂದೆ’ ಅಂತ ಕೂಗುವಾಗ, ಅವರ ಕಣ್ಣಿಗೆ ನೀವು ನಿಜವಾಗಿಯೂ ತಿಂದವರೇ. ಆ ದುಡ್ಡಿಗಾಗಿ ಗೊಣಗಿದ್ದು ತಾನು ಅನ್ನುವುದು, ಹೆಂಡತಿ ಹೋದ ಮೇಲೆ, ಹೊರಲಾಗದ ಭಾರ ಆಗಿರಬಹುದು. ಆ ಭಾರವನ್ನು ಕೈಗೆ ಸಿಕ್ಕವರ ತಲೆ ಮೇಲೆ ಇಟ್ಟಿದ್ದಾರೆ. ಕೈಗೆ ಸಿಕ್ಕವರು ನೀವು, ಯಾಕೆಂದರೆ ಈಗ ಅವರಿಗೆ ಊಟ ಬಡಿಸುವವರು ನೀವು. ಇದು ನನ್ನ ಊಹೆ. ನೋಡದೆ, ಮಾತಾಡಿಸದೆ, ಪತ್ರ ಓದಿ ಯಾರಿಗೂ ಕಾಯಿಲೆ ಹಚ್ಚಬಾರದು.

ರಕ್ಷಣಾ ತಂತ್ರ ಅಂದ ಕೂಡಲೇ ಕೆಟ್ಟದ್ದು ಅಂದುಕೊಳ್ಳಬೇಡಿ. ಅದಿಲ್ಲದೆ ನಾವು ಯಾರೂ ಒಂದು ದಿನ ದಾಟುವುದಿಲ್ಲ. ಚಿಂತಾಮಣಿಯ ಒಬ್ಬ ಅಜ್ಜಿ, ಗಂಡ ಹೋದ ಮೇಲೂ ಬೆಳಿಗ್ಗೆ ಎರಡು ಲೋಟ ಕಾಫಿ ಬಗ್ಗಿಸಿ ಒಂದನ್ನು ಅವರ ಕುರ್ಚಿ ಪಕ್ಕ ಇಡುತ್ತಿದ್ದರು. ಮಕ್ಕಳು ಹೆದರಿ ಬಂದರು. ‘ಅಮ್ಮನಿಗೆ ತಲೆ ಕೆಟ್ಟಿದೆಯಾ?’ ಅಂತ. ನಾನು ಅಜ್ಜಿಯನ್ನು ಕೇಳಿದೆ, ‘ತಾತ ಬಂದು ಕುಡೀತಾರಾ ಅಮ್ಮಾ?’ ‘ಅವರೆಲ್ಲಿ ಬರ್ತಾರಪ್ಪ, ಕೈಗೆ ಅಭ್ಯಾಸ ಆಗೋಗಿದೆ’ ಅಂದರು. ಬಿಟ್ಟುಬಿಡಿ ಅಂತ ಮಕ್ಕಳಿಗೆ ಹೇಳಿದೆ. ಅವರೆಕಾಯಿ ಕಾಲ ಬರುವಷ್ಟರಲ್ಲಿ ಎರಡನೇ ಲೋಟವನ್ನೂ ಅವರೇ ಕುಡಿಯೋಕೆ ಶುರು ಮಾಡಿದ್ದರಂತೆ. ಆಮೇಲೆ ಒಂದೇ ಲೋಟ ಬಗ್ಗಿಸಿದರಂತೆ. ಆ ಎರಡನೇ ಲೋಟ ಅವರನ್ನು ಅಷ್ಟು ದಿನ ಹಿಡಿದು ನಿಲ್ಲಿಸಿತ್ತು. ಯಾರಿಗೂ ನೋವಾಗಲಿಲ್ಲ, ತನ್ನಷ್ಟಕ್ಕೆ ತಾನು ಬಿಟ್ಟುಹೋಯಿತು. ಒಳ್ಳೆಯ ಅಡ್ಡಗೋಡೆ ಅಂದರೆ ಅದು.

ನಿಮ್ಮ ಮಾವನವರು ಮೂರನೇ ದಿನಕ್ಕೇ ಹುಳು ಮನೆಗೆ ಹೋಗಿದ್ದನ್ನು ನೀವು ತಪ್ಪು ಅನ್ನುವ ಧಾಟಿಯಲ್ಲಿ ಬರೆದಿದ್ದೀರಿ. ಆ ದಿನವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಾಲ್ಕನೇ ಜ್ವರ ಎದ್ದ (ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ) ಹುಳು ಮನೆಯಲ್ಲಿದ್ದರೆ ಏನು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ 80 ಭಾಗಕ್ಕೂ ಹೆಚ್ಚು ಆ ಕೊನೆಯ ವಾರದಲ್ಲೇ ಹೋಗುತ್ತದೆ. ಹುಳು ಹಣ್ಣಾಗುವ ಹೊತ್ತು ಸೂತಕ ನೋಡುವುದಿಲ್ಲ. ‘ಈಗ ಇದು, ಅಳುವುದು ಆಮೇಲೆ’ ಅಂತ ಗೊತ್ತಿದ್ದೇ ನೋವನ್ನು ಪಕ್ಕಕ್ಕೆ ಇಡುವುದು ಇದೆಯಲ್ಲ, ಅದು ಪಕ್ವವಾದ ರಕ್ಷಣಾ ತಂತ್ರಗಳಲ್ಲಿ ಒಂದು. ಸಾವಿನ ಮನೆಯಲ್ಲಿ ಬಂದವರಿಗೆ ಊಟ ಹಾಕಿಸುವ ದೊಡ್ಡ ಮಗ ಮಾಡುವುದೂ ಇದನ್ನೇ. ಅವತ್ತು ಅವರು ಸೊಪ್ಪು ಹಾಕಿದ್ದು ಕಲ್ಲು ಮನಸ್ಸಿನಿಂದ ಅಂತ ನನಗೆ ಅನಿಸುವುದಿಲ್ಲ. ಆದರೆ ಗೂಡು ಇಳಿದು, ಮಾರ್ಕೆಟ್ಟಿಗೆ ಹೋಗಿ, ದುಡ್ಡು ಬಂದ ಮೇಲೂ ಆ ‘ಆಮೇಲೆ’ ಬಂದ ಹಾಗೆ ಕಾಣುವುದಿಲ್ಲ. ಪಕ್ಕಕ್ಕೆ ಇಟ್ಟದ್ದನ್ನು ಮತ್ತೆ ಎತ್ತಿಕೊಳ್ಳದಿದ್ದರೆ ಅದು ಅಲ್ಲೇ ಇರುತ್ತದೆ. ಕೆಲವು ಸಲ ಬೇರೆ ರೂಪದಲ್ಲಿ ಹೊರಗೆ ಬರುತ್ತದೆ, ಹೆಚ್ಚಾಗಿ ಸಿಟ್ಟಿನ ರೂಪದಲ್ಲಿ.

ಈಗ ವ್ಯಕ್ತಿತ್ವ ದೋಷದ ಮಾತು. ಮಗಳು ಬಳಸಿದ ಪದ ಸಣ್ಣದಲ್ಲ. ಜಿಪುಣರು, ಮುಂಗೋಪಿಗಳು, ಅನುಮಾನದವರು ಎಲ್ಲರಿಗೂ ಅದನ್ನು ಅಂಟಿಸಬಾರದು. ಆ ರೋಗ ನಿರ್ಣಯಕ್ಕೆ ಸಾಮಾನ್ಯವಾಗಿ ಹದಿಹರೆಯ ಅಥವಾ ಎಳೇ ಯೌವನದಿಂದಲೇ ಬಂದ ಒಂದು ಅಚ್ಚು ಇರಬೇಕು. ಅದು ಮನೆಯಲ್ಲಿ ಮಾತ್ರ ಅಲ್ಲ, ಸಂತೆಯಲ್ಲಿ, ನೆಂಟರಲ್ಲಿ, ಕೆಲಸದ ಜಾಗದಲ್ಲಿ ಎಲ್ಲ ಕಡೆ ಕಾಣಬೇಕು. ಅದರಿಂದ ಬದುಕು ಕೆಟ್ಟಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ 10 ಬಗೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ಕಾಯಿಲೆಗಳ ಪಟ್ಟಿಯಲ್ಲಿ ಹಳೆಯ ಬಗೆಗಳನ್ನು ಬದಿಗಿಟ್ಟು, ತೊಂದರೆ ಎಷ್ಟು ತೀವ್ರ ಅನ್ನುವುದನ್ನು ಮುಖ್ಯ ಮಾಡಿದ್ದಾರೆ. ನನಗೆ ಈ ಎರಡನೆಯದೇ ಹೆಚ್ಚು ಉಪಯೋಗ. ಯಾವ ಬಗೆ ಅನ್ನುವುದಕ್ಕಿಂತ, ಎಷ್ಟು ಕಷ್ಟ ಅನ್ನುವುದನ್ನು ನೋಡಿದರೆ ಮನೆಯವರಿಗೆ ದಾರಿ ಸಿಗುತ್ತದೆ.

ರಕ್ಷಣಾ ತಂತ್ರಕ್ಕೂ ಇದಕ್ಕೂ ಸಂಬಂಧ ಹೀಗಿದೆ. ಹೆಚ್ಚಿನವರ ಹತ್ತಿರ ಹಲವು ಬಗೆಯ ಅಡ್ಡಗೋಡೆ ಇರುತ್ತವೆ. ಒಂದು ಸಲ ನಗುತ್ತಾರೆ, ಒಂದು ಸಲ ಕೆಲಸದಲ್ಲಿ ಮುಳುಗುತ್ತಾರೆ, ಒಂದು ಸಲ ನೆಲ ಡೊಂಕು ಅನ್ನುತ್ತಾರೆ. ವ್ಯಕ್ತಿತ್ವ ದೋಷ ಇರುವವರ ಹತ್ತಿರ ಒಂದೆರಡೇ ಇರುತ್ತವೆ, ಅವೂ ಕಲ್ಲಿನ ಹಾಗೆ ಗಟ್ಟಿ. ಮದುವೆ ಮನೆಗೂ ಅದೇ, ಸಾವಿನ ಮನೆಗೂ ಅದೇ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ ಒಂದು ವಾರ ‘ನೀವೇ ನನ್ನ ದೇವರು ಸಾರ್’ ಅನ್ನುತ್ತಿದ್ದಳು. ಮುಂದಿನ ವಾರ ನಾನು ಹತ್ತು ನಿಮಿಷ ತಡ ಮಾಡಿದ್ದಕ್ಕೆ ‘ನೀವೂ ಮೋಸಗಾರರೇ’ ಅಂತ ಫೈಲು ಎಸೆದು ಹೋದಳು. ಒಬ್ಬನೇ ಮನುಷ್ಯ ಒಳ್ಳೆಯವನೂ ಹೌದು, ತಡ ಮಾಡುವವನೂ ಹೌದು ಅನ್ನುವುದು ಅವಳ ಮನಸ್ಸಿನಲ್ಲಿ ಒಟ್ಟಿಗೆ ನಿಲ್ಲುತ್ತಿರಲಿಲ್ಲ. ಪೂರ್ತಿ ಬಿಳಿ, ಇಲ್ಲವೇ ಪೂರ್ತಿ ಕಪ್ಪು. ಇದಕ್ಕೆ ಸೀಳಿ ನೋಡುವುದು ಅನ್ನುತ್ತೇವೆ. ಗಡಿರೇಖೆಯ ವ್ಯಕ್ತಿತ್ವ ದೋಷದಲ್ಲಿ, ಅಂದರೆ ಬಾರ್ಡರ್‌ಲೈನ್ ಅನ್ನುವುದರಲ್ಲಿ, ಇದು ಜಾಸ್ತಿ ಕಾಣುತ್ತದೆ. ಅವಳು ಹಾಗೆ ಬೇಕಂತ ಮಾಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವಳು ಕಂಡ ಮನೆಯಲ್ಲಿ, ಹಾಗೆ ಸೀಳಿ ನೋಡದೆ ಬದುಕುವುದೇ ಕಷ್ಟವಾಗಿತ್ತು.

ನಿಮ್ಮ ಯಜಮಾನರ ಗಾದೆಗೆ ನಾನು ಒಪ್ಪದಿರುವುದು ಇಲ್ಲಿಯೇ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಮೇರಿ ಜನಾರಿನಿ ಅನ್ನುವ ಸಂಶೋಧಕಿ ಮತ್ತು ಅವರ ತಂಡ, 1992ರಿಂದ ಶುರು ಮಾಡಿ, ಆಸ್ಪತ್ರೆ ಸೇರುವಷ್ಟು ಕಷ್ಟದಲ್ಲಿದ್ದ 290 ಬಾರ್ಡರ್‌ಲೈನ್ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. 10 ವರ್ಷದೊಳಗೆ ನೂರರಲ್ಲಿ 93 ಜನರಿಗೆ ಕನಿಷ್ಠ 2 ವರ್ಷದ ಮಟ್ಟಿಗೆ ಆ ಕಾಯಿಲೆ ಅನ್ನಲಾಗದಷ್ಟು ಲಕ್ಷಣಗಳು ತಗ್ಗಿದ್ದವು. ಲಕ್ಷಣವೂ ಹೋಗಿ, ಕೆಲಸ ಮತ್ತು ಸಂಬಂಧ ಎರಡೂ ನೆಟ್ಟಗಾದವರು ಅರ್ಧದಷ್ಟು. ಅರ್ಧವೇ ಅಂತ ಬೇಸರಪಡಬಹುದು. ನಾನು ಓದುವ ಕಾಲದಲ್ಲಿ ‘ಇವರು ಬದಲಾಗಲ್ಲ’ ಅಂತ ಕೈಚೆಲ್ಲುವವರೇ ಹೆಚ್ಚಿದ್ದರು. ಹಾಗಾಗಿ ಈ ಅಂಕಿ ನೋಡಿದಾಗ ನನಗೆ ತುಂಬಾ ಸಮಾಧಾನ ಆಗಿತ್ತು. ಫೈಲು ಎಸೆದ ಆ ಹುಡುಗಿಗೆ ಈಗ ನಲವತ್ತರ ಹತ್ತಿರ. ತಡವಾದರೆ ಹೊರಗೆ ಕೂತು ಕಾಯುತ್ತಾರೆ.

ಇನ್ನೊಂದು ಅಧ್ಯಯನ ಇನ್ನೂ ಹಳೆಯದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾಯಿತು. 268 ವಿದ್ಯಾರ್ಥಿಗಳನ್ನು ಅವರು ಮುದುಕರಾಗುವವರೆಗೂ ಗಮನಿಸಿದರು. ಜೊತೆಗೆ ಬಾಸ್ಟನ್ ನಗರದ ಬಡ ಕೇರಿಗಳ 456 ಹುಡುಗರನ್ನೂ. ಇದನ್ನು ಬಹಳ ವರ್ಷ ನಡೆಸಿದ ಮನೋವೈದ್ಯ ಜಾರ್ಜ್ ವೈಲಂಟ್ ಅವರು ರಕ್ಷಣಾ ತಂತ್ರಗಳನ್ನು ಹಸಿಯಿಂದ ಪಕ್ವದವರೆಗೆ ನಾಲ್ಕು ಮಟ್ಟ ಮಾಡಿದರು. ಯೌವನದಿಂದ ನಡುವಯಸ್ಸಿಗೆ ಬರುವಾಗ ಹಸಿಯವು ಕಡಿಮೆಯಾಗಿ ಪಕ್ವವಾದವು ಜಾಸ್ತಿಯಾಗುವುದನ್ನು ಕಂಡರು. ಪಕ್ವವಾದವು ಅಂದರೆ ನಗುವುದು, ಮುಂದಾಲೋಚನೆ, ನೋವನ್ನು ಗೊತ್ತಿದ್ದು ಪಕ್ಕಕ್ಕಿಡುವುದು, ಸಂಕಟವನ್ನು ಒಳ್ಳೆ ಕೆಲಸಕ್ಕೆ ತಿರುಗಿಸುವುದು, ಇನ್ನೊಬ್ಬರಿಗೆ ನೆರವಾಗುವುದು. ನಡುವಯಸ್ಸಿನಲ್ಲಿ ಇವನ್ನು ಬಳಸಿದವರ ಮುಪ್ಪು ಹೆಚ್ಚು ನೆಮ್ಮದಿಯಾಗಿತ್ತು. ಓದು, ಮನೆತನ ಇದನ್ನು ಅಷ್ಟಾಗಿ ತೀರ್ಮಾನಿಸಲಿಲ್ಲ. ಈ ಅಧ್ಯಯನದಲ್ಲಿ ಇದ್ದವರು ಅಮೆರಿಕದ ಬಿಳಿಯ ಗಂಡಸರು ಮಾತ್ರ ಅನ್ನುವುದನ್ನು ಮರೆಯಬಾರದು. ಆದರೆ ನಮ್ಮ ಕಡೆಯೂ ನಾನು ಅದನ್ನೇ ಕಂಡಿದ್ದೇನೆ. ಬೈಕ್ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಮಾಲೂರು ಕಡೆಯ ಒಬ್ಬ ತಾಯಿ, ಪ್ರತಿ ಜೂನ್‌ನಲ್ಲಿ ಊರಿನ ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್ ಕೊಡಿಸುತ್ತಾರೆ. ಒಂದೊಂದರ ಮೇಲೂ ಮಗುವಿನ ಹೆಸರನ್ನು ತಾವೇ ಕೂತು ಬರೆಯುತ್ತಾರೆ. ಆ ಒಂದು ವಾರ ಅವರಿಗೆ ನಿದ್ದೆ ಚೆನ್ನಾಗಿ ಬರುತ್ತದಂತೆ.

ಅರವತ್ತಕ್ಕೆ ಅರಳು ಮರಳು ಅನ್ನುವುದನ್ನೂ ಹಾಗಾಗಿ ನಾನು ಒಪ್ಪುವುದಿಲ್ಲ. ವಯಸ್ಸು ತಾನಾಗಿ ಯಾರನ್ನೂ ಕಳ್ಳತನದ ಆರೋಪ ಹೊರಿಸುವವರನ್ನಾಗಿ ಮಾಡುವುದಿಲ್ಲ. ಈ ಗಾದೆಯಿಂದ ಎಷ್ಟೋ ಹಿರಿಯರಿಗೆ ಚಿಕಿತ್ಸೆ ತಪ್ಪಿದೆ. ‘ವಯಸ್ಸಾಯ್ತಲ್ಲ’ ಅಂತ ಮನೆಯವರು ಬಿಟ್ಟಿರುತ್ತಾರೆ. ಒಳಗೆ ಥೈರಾಯ್ಡ್ ಇರುತ್ತದೆ, ಬಿ12 ಕಡಿಮೆ ಇರುತ್ತದೆ, ಸೋಡಿಯಂ ಇಳಿದಿರುತ್ತದೆ, ಮೂತ್ರದ ಸೋಂಕು ಇರುತ್ತದೆ, ಖಿನ್ನತೆ ಇರುತ್ತದೆ. ಇವೆಲ್ಲ ರಕ್ತ, ಮೂತ್ರದ ಪರೀಕ್ಷೆಯಲ್ಲಿ, ಅರ್ಧ ಗಂಟೆಯ ಮಾತಿನಲ್ಲಿ ಸಿಗುವಂಥವು.

ಮರೆವಿನ ಕಾಯಿಲೆಯನ್ನೂ ಯೋಚಿಸಲೇಬೇಕು. ಮರೆವಿನ ಕಾಯಿಲೆ ಯಾವಾಗಲೂ ಮರೆವಿನಿಂದಲೇ ಶುರುವಾಗುವುದಿಲ್ಲ. ಡಾ. ಅಲೋಯಿಸ್ ಆಲ್‌ಝೈಮರ್ 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನೋಡಿದ ರೋಗಿ, 51 ವರ್ಷದ ಒಬ್ಬ ಗೃಹಿಣಿ. ಇವತ್ತು ಆ ವೈದ್ಯರ ಹೆಸರಿನಲ್ಲಿರುವ ಕಾಯಿಲೆಯನ್ನು ಮೊದಲು ವಿವರಿಸಿದ್ದು ಆಕೆಯನ್ನು ನೋಡಿಯೇ. ಆಕೆಯಲ್ಲಿ ಮನೆಯವರಿಗೆ ಮೊದಲು ಕಂಡದ್ದು ಗಂಡನ ಮೇಲಿನ ಅನುಮಾನ. ಮರೆವು ಕಂಡದ್ದು ಆಮೇಲೆ. ಮೆದುಳಿನ ಮುಂಭಾಗ ಸವೆಯುವ ಇನ್ನೊಂದು ಕಾಯಿಲೆ ಇದೆ. ಅದು ಹೆಚ್ಚಾಗಿ 45ರಿಂದ 65ರ ನಡುವೆ ಬರುತ್ತದೆ. ಅದರಲ್ಲಿ ಮೊದಮೊದಲು ನೆನಪು ಚೆನ್ನಾಗಿಯೇ ಇರುತ್ತದೆ, ಗುಣವೇ ಕೆಡುತ್ತದೆ. ಮರ್ಯಾದಸ್ಥರು ನಾಚಿಕೆ ಬಿಡುತ್ತಾರೆ, ಮಕ್ಕಳು ಅತ್ತರೂ ಏನೂ ಅನಿಸುವುದಿಲ್ಲ. ಮನೆಯವರು ‘ಕೊನೆಗಾಲಕ್ಕೆ ಕೆಟ್ಟುಹೋದ’ ಅಂತ ಬೈಯುತ್ತಾ ಇರುತ್ತಾರೆ.

ಕಳ್ಳತನದ ಆರೋಪ ಮರೆವಿನ ಕಾಯಿಲೆಯಲ್ಲಿ ತುಂಬಾ ಸಾಮಾನ್ಯ. ದುಡ್ಡನ್ನು ಜೋಪಾನ ಮಾಡಿ ಹಾಸಿಗೆ ಕೆಳಗೆ ಇಟ್ಟಿರುತ್ತಾರೆ. ಇಟ್ಟಿದ್ದೇ ಮರೆತುಹೋಗುತ್ತದೆ. ಇಟ್ಟ ಜಾಗ ಖಾಲಿ ಅಂದರೆ ಯಾರೋ ತೆಗೆದಿರಲೇಬೇಕು ಅಲ್ವಾ? ‘ನನ್ನ ನೆನಪು ಹೋಗುತ್ತಿದೆ’ ಅಂತ ಒಪ್ಪಿಕೊಳ್ಳುವುದಕ್ಕಿಂತ ‘ಸೊಸೆ ಕದ್ದಳು’ ಅನ್ನುವುದು ಮನಸ್ಸಿಗೆ ಸುಲಭ. ಮೆದುಳಿನ ಕಾಯಿಲೆಯೂ ರಕ್ಷಣಾ ತಂತ್ರವೂ ಇಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಎರಡರಲ್ಲಿ ಒಂದು ಅಂತ ಆರಿಸಬೇಕಿಲ್ಲ.

ನಿಜವಾಗಿಯೂ ಹಳೆಯ ಸ್ವಭಾವ ಮುಪ್ಪಿನಲ್ಲಿ ಹೊಸದರ ಹಾಗೆ ಕಾಣುವುದೂ ಉಂಟು. ನಿಮ್ಮ ಅತ್ತೆಯವರ ಬಗ್ಗೆ ಯೋಚಿಸಿ. ಮಾವ ಏನಾದರೂ ಬಿರುಸಾಗಿ ಅಂದರೆ, ‘ಅವರು ಹಂಗೇ ಅಂತಾರೆ, ನೀನು ಒಳಗೆ ಹೋಗಮ್ಮ’ ಅಂತ ಅವರು ನಡುವೆ ಬರುತ್ತಿದ್ದರಾ? ಬಹಳ ಮನೆಗಳಲ್ಲಿ ಹೆಂಡತಿ ನಲವತ್ತು ವರ್ಷ ಗಂಡನ ಸಿಟ್ಟಿಗೂ ಊರಿಗೂ ನಡುವೆ ನಿಂತಿರುತ್ತಾರೆ. ಅವರು ಹೋದ ದಿನ ಆ ಸಿಟ್ಟು ಬರಿಮೈಯಲ್ಲಿ ಕಾಣುತ್ತದೆ. ಕೆಲಸವೂ ಹಾಗೇ. ಹುಳು ಸಾಕುವವನಿಗೆ ಅನುಮಾನ ಒಂದು ಬಂಡವಾಳ. ಸೊಪ್ಪಿಗೆ ಔಷಧಿ ಹಾರಿದೆಯಾ, ಬ್ಲೀಚಿಂಗ್ ಸರಿಯಾಗಿ ಹೊಡೆದರಾ, ಹುಳು ಗೂಡು ಕಟ್ಟುವ ಚಂದ್ರಿಕೆ ಒಣಗಿದೆಯಾ, ತೂಕದಲ್ಲಿ ಮೋಸ ಆಯ್ತಾ ಅಂತ ಪ್ರತಿಯೊಂದನ್ನೂ ಅನುಮಾನಿಸಿದವನೇ ಬೆಳೆ ಉಳಿಸಿಕೊಳ್ಳುತ್ತಾನೆ. ಅದೇ ಮನುಷ್ಯನಿಗೆ ಮೊಣಕಾಲು ಸೋತು ಹುಳು ಮನೆ ಮಗನ ಕೈಗೆ ಹೋದಾಗ, ಆ ಅನುಮಾನಕ್ಕೆ ಬೇರೆ ಕೆಲಸ ಬೇಕು. ಅದು ಅಡುಗೆಮನೆ ಕಡೆ ತಿರುಗುತ್ತದೆ. ದುಡುಕು, ಹೊಡೆದಾಟ, ಕೈ ಕೊಯ್ದುಕೊಳ್ಳುವಂಥ ಸ್ವಭಾವಗಳು ವಯಸ್ಸಿನ ಜೊತೆ ತಣ್ಣಗಾಗುವುದು ಹೆಚ್ಚು. ಅನುಮಾನ, ಒಂಟಿತನ, ಎಲ್ಲ ನನ್ನ ಪ್ರಕಾರವೇ ಆಗಬೇಕು ಅನ್ನುವ ಹಟ ಅಷ್ಟು ಸುಲಭವಾಗಿ ತಣ್ಣಗಾಗುವುದಿಲ್ಲ, ಕೆಲವರಲ್ಲಿ ಗಟ್ಟಿಯೂ ಆಗುತ್ತದೆ.

ಆದ್ದರಿಂದ ಮಾವನವರ ತಂಗಿಯೋ ಅಕ್ಕನೋ ಇದ್ದರೆ ಅವರನ್ನು ಕೇಳಿ. ‘ಮಾವ ಮೂವತ್ತು ವರ್ಷದವರಿದ್ದಾಗ ಹೇಗಿದ್ದರು? ಮನೆಯವರ ಮೇಲೇ ಕಳ್ಳತನ ಹೊರಿಸಿದ್ದು ಮುಂಚೆ ಯಾವತ್ತಾದರೂ ಇದೆಯಾ?’ ಅಂತ. ಲೆಕ್ಕ ಹಾಕುವುದು ಹಳೆಯದು, ಆರೋಪ ಹೊಸದು ಅಂತ ಬಂದರೆ, ಆ ಹೊಸದನ್ನು ಡಾಕ್ಟರ ಮುಂದೆ ಇಡಿ. ನಿಮ್ಮ ಪತ್ರ ಓದಿದರೆ ನನಗೆ ಹಾಗೇ ಕಾಣುತ್ತಿದೆ.

‘ಮನಸ್ಸಿನ ಡಾಕ್ಟರು’ ಅಂದರೆ ಅವರು ಬರುವುದಿಲ್ಲ. ಕಿವಿಗೆ, ಬಿದ್ದ ಪೆಟ್ಟಿಗೆ, ಶುಗರ್ ಬಿಪಿಗೆ ಅಂತ ಕರೆಯಿರಿ. ಅದು ಸುಳ್ಳೇನೂ ಅಲ್ಲ. ಕರೆಯಬೇಕಾದವರು ಮಗ, ನೀವಲ್ಲ. ಈಗ ನೀವು ಏನು ಹೇಳಿದರೂ ಅವರಿಗೆ ಸಂಚಿನ ಹಾಗೆ ಕೇಳಿಸುತ್ತದೆ. ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ, ಮೆಡಿಕಲ್ ಸ್ಟೋರಿನಿಂದ ತಂದ ನಿದ್ದೆ ಮಾತ್ರೆ, ಶೀತದ ಮಾತ್ರೆಯನ್ನೂ ಸೇರಿಸಿ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ಸೇವೆ ಇದೆ. ಹೊರಡುವ ಮುಂಚೆ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ, ಮಜ್ಜಿಗೆಯಲ್ಲಿ ಮಾತ್ರೆ ಪುಡಿ ಮಾಡಿ ಹಾಕಬೇಡಿ. ಒಳ್ಳೆ ಮನಸ್ಸಿನಿಂದಲೇ ಬಹಳ ಮನೆಗಳಲ್ಲಿ ಮಾಡುತ್ತಾರೆ. ಒಂದು ದಿನ ಅವರಿಗೆ ಕಹಿ ಗೊತ್ತಾದರೆ, ಅವರ ಅನುಮಾನವನ್ನು ನಾವೇ ನಿಜ ಮಾಡಿದ ಹಾಗಾಯಿತು. ಆಮೇಲೆ ಆ ಮನೆಯಲ್ಲಿ ಅವರು ಊಟ ಮಾಡುವುದಿಲ್ಲ.

‘ನಾನು ಕದ್ದಿಲ್ಲ’ ಅಂತ ವಾದ ಮಾಡಬೇಡಿ. ‘ಇದು ನಿಮ್ಮ ಡಿಫೆನ್ಸ್ ಮೆಕ್ಯಾನಿಸಂ’ ಅಂತ ಮೊಮ್ಮಗಳೂ ಹೇಳದಿರಲಿ. ಆ ಅಡ್ಡಗೋಡೆಯ ಹಿಂದೆ ಅವರು ಬರಿಗೈಯಲ್ಲಿ ನಿಂತಿದ್ದಾರೆ. ಅದನ್ನು ತಳ್ಳಿದರೆ ಇನ್ನೂ ಗಟ್ಟಿ ಹಿಡಿಯುತ್ತಾರೆ. ‘ದುಡ್ಡು ಕಾಣದಿದ್ರೆ ಯಾರಿಗಾದ್ರೂ ಗಾಬರಿ ಆಗುತ್ತೆ ಮಾವ, ಇಬ್ಬರೂ ಹುಡುಕೋಣ’ ಅನ್ನಿ. ಸಿಕ್ಕಿದಾಗ ‘ನೋಡಿದ್ರಾ’ ಅನ್ನಬೇಡಿ. ಡೇರಿ ಬಟವಾಡೆ ಚೀಟಿ ಮೊದಲು ಅವರ ಕೈಗೆ ಹೋಗಲಿ. ಒಂದು ನೋಟ್‌ಬುಕ್‌ನಲ್ಲಿ ಅವರೇ ಬರೆದಿಡಲಿ. ಬೀರು ಕೀಲಿ ಉಡದಾರದಲ್ಲೇ ಇರಲಿ, ನೀವು ಇನ್ನೊಂದು ಮಾಡಿಸಿ ಯಜಮಾನರ ಹತ್ತಿರ ಇಡಿ. ಹುಳು ಮನೆಯಲ್ಲಿ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ನೋಡಿ ಹೇಳುವ ಕೆಲಸ ಅವರಿಗೇ ಕೊಡಿ. ಆ ಅನುಮಾನಕ್ಕೆ ಅದರ ಹಳೇ ಕೆಲಸ ಸ್ವಲ್ಪವಾದರೂ ವಾಪಸ್ ಸಿಗಲಿ.

ಅತ್ತೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿಲ್ಲವೇನೋ ಅಂತ ನನಗೆ ಅನುಮಾನ. ಎತ್ತಿ. ‘ಅತ್ತೆ ಈ ಕಾಲಕ್ಕೆ ಹಿತಕಿದಬೇಳೆ ಸಾರು ಹೇಗೆ ಮಾಡ್ತಿದ್ರು ಮಾವ?’ ಅಂತ ಕೇಳಿ ನೋಡಿ. ಉತ್ತರ ಬರದಿರಬಹುದು. ಎದ್ದು ಹೋಗಬಹುದು. ಇನ್ನೊಂದು ದಿನ ಕೇಳಿ. ಅಳಿಸಬೇಕು ಅಂತ ಒತ್ತಾಯ ಬೇಡ.

ಯಜಮಾನರ ವಿಷಯ. ಸ್ವಭಾವದಲ್ಲಿ ಸ್ವಲ್ಪ ರಕ್ತದಿಂದ ಬರುತ್ತದೆ, ಸ್ವಲ್ಪ ನೋಡಿ ಕಲಿತದ್ದು. ಆದರೆ ಅಪ್ಪನ ಅಚ್ಚೇ ಮಗನ ಮುಪ್ಪು ಆಗಬೇಕೆಂದಿಲ್ಲ. ಅವರಿಗೆ ಈಗ ನಡುವಯಸ್ಸು ಇರಬೇಕು. ಅಡ್ಡಗೋಡೆಗಳು ಪಕ್ವವಾಗುವ ಕಾಲವೇ ಅದು. ‘ನಮ್ಮಪ್ಪ ಮೊದಲಿಂದಲೂ ಹಾಗೇ’ ಅನ್ನುವ ಅವರ ಮಾತು ಕೂಡ ಒಂದು ಅಡ್ಡಗೋಡೆಯೇ ಇರಬಹುದು. ಒಂದೂಕಾಲು ವರ್ಷದ ಹಿಂದೆ ಅಮ್ಮ ಹೋದರು. ಈಗ ಅಪ್ಪನಿಗೂ ಕಾಯಿಲೆ ಅಂತ ನೋಡುವುದು ಯಾವ ಮಗನಿಗೂ ಕಷ್ಟ. ಇದನ್ನು ಅವರಿಗೆ ಬೈದು ಹೇಳಬೇಡಿ. ಬಿದ್ದ ತಾರೀಕು, ಆರೋಪ ಶುರುವಾದ ತಾರೀಕು ಎರಡನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸಿ.

ಕೊನೆಗೆ ನೀವು. ‘ನನಗೇನೂ ಬೇಜಾರಿಲ್ಲ’ ಅಂತ ಬರೆದಿದ್ದೀರಿ. ಅದರ ಮುಂದಿನ ಸಾಲಿನಲ್ಲೇ ಮಗನಿಗೆ ಸುಮ್ಸುಮ್ನೆ ಹೊಡೆದೆ ಅಂದಿದ್ದೀರಿ. ಬೀದಿಯಲ್ಲಿ ಎಲ್ಲರ ಮುಂದೆ ಕಳ್ಳಿ ಅನ್ನಿಸಿಕೊಂಡರೆ ಬೇಜಾರಾಗದೆ ಇರುತ್ತದಾ ಅಮ್ಮಾ? ಖಂಡಿತ ಆಗುತ್ತದೆ. ಆಗಲೇಬೇಕು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅವತ್ತು ನಿನ್ನ ತಪ್ಪೇನೂ ಇರಲಿಲ್ಲ ಕಣೋ, ನನಗೆ ಬೇರೆ ಬೇಜಾರಿತ್ತು’ ಅಂತ ಹೇಳಿ. ಹಾಗೆಯೇ ನಿಮ್ಮ ಯಜಮಾನರು ಊರವರ ಮುಂದೆ ಒಂದು ಸಲ, ‘ನನ್ನ ಹೆಂಡತಿ ಏನೂ ತೆಗೆದಿಲ್ಲ, ಅಪ್ಪನಿಗೆ ಹುಷಾರಿಲ್ಲ’ ಅಂತ ಬಾಯಿಬಿಟ್ಟು ಹೇಳಬೇಕು. ಈ ಪತ್ರವನ್ನು ಅವರಿಗೂ ಓದಲು ಕೊಡಿ. ಸ್ಕ್ಯಾನ್ ಆದ ಮೇಲೆ ರಿಪೋರ್ಟಿನಲ್ಲಿ ಏನು ಬಂತು ಅಂತ ನನಗೆ ಬರೆಯಿರಿ.